ಕಲ್ಲು ಸೇತುವೆಯ ಮೇಲೆ ಬೆಳೆದದ್ದು: ಯಾವುದನ್ನು ಬಿಡಬೇಕು, ಯಾವುದನ್ನು ಕೀಳಬೇಕು?

ನಾವು ಮಾತಾಡ್ತಿರೋದು ಕುವೈತಿನಿಂದ. ವರ್ಷವಿಡೀ ಹರಿಯುವ ನದಿ ಈ ದೇಶದಲ್ಲಿ ಒಂದೂ ಇಲ್ಲ. ಇಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಸೇತುವೆ ಅಂದ್ರೆ 2019ರಲ್ಲಿ ತೆರೆದ, ಸುಮಾರು 36 ಕಿಲೋಮೀಟರ್ ಉದ್ದದ ಶೇಖ್ ಜಾಬರ್ ಸೇತುವೆ. ಊರಿಗೆ ಹೋದಾಗ ಅವರಿಗೆ ಇನ್ನೊಂದನ್ನು ತೋರಿಸಬೇಕು: ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ.

ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಕಾವೇರಿಯ ಉತ್ತರ ಕವಲಿಗೆ ಕಟ್ಟಿದ ಈ ಸೇತುವೆ 1804ರಲ್ಲಿ ಮುಗಿಯಿತು. ಇದಕ್ಕೆ ಕಮಾನುಗಳಿಲ್ಲ. ನದಿಯ ಪಾತ್ರದಲ್ಲಿ ನಿಲ್ಲಿಸಿದ ಕಂಬ, ಕಂಬದ ಮೇಲೆ ಬೋದಿಗೆ, ಅದರ ಮೇಲೆ ಕಲ್ಲಿನ ತೊಲೆ. ದೇವಸ್ಥಾನದ ಮಂಟಪದಲ್ಲಿ ನೋಡಿದ್ದೀರಲ್ಲ, ಅದೇ ಕ್ರಮ! ಕಲ್ಲು ಮೇಲಿನಿಂದ ಒತ್ತುವ ಭಾರವನ್ನು ಚೆನ್ನಾಗಿ ತಾಳುತ್ತೆ, ಆದರೆ ಬಾಗಲಾರದು, ಬಿರುಕು ಬಿಡುತ್ತೆ. ಅದಕ್ಕೇ ತೊಲೆಗಳು ಗಿಡ್ಡ, ಕಂಬಗಳು ಹೆಚ್ಚು. ಎರಡೂ ಕಡೆ ಚಾಚಿದ ಬೋದಿಗೆ, ತೊಲೆ ದಾಟಬೇಕಾದ ದೂರವನ್ನು ಇನ್ನಷ್ಟು ತಗ್ಗಿಸುತ್ತೆ. ಮಂಟಪ ಕಟ್ಟುತ್ತಿದ್ದ ಕಸುಬು ನದಿಗೆ ಇಳಿದದ್ದಕ್ಕೆ ಇದೇ ಸಾಕ್ಷಿ. ಇದರ ಬೆಲೆ ಇರೋದು ಇಲ್ಲೇ. 1924ರ ಕಾವೇರಿಯ ಮಹಾಪ್ರವಾಹವನ್ನೂ ಇದು ಕಂಡಿದೆ.

ಇನ್ನು ನಾವು ಜೀವಶಾಸ್ತ್ರದವರು. ನಮ್ಮ ಕಣ್ಣು ಹೋಗೋದು ಕಲ್ಲಿನ ಮೇಲೆ ಬೆಳೆದಿರೋದರ ಕಡೆಗೆ. ಹಳೇ ಕಲ್ಲಿನ ಮೇಲೆ ಬೂದು, ಹಳದಿ ಮಚ್ಚೆಗಳು ಕಾಣುತ್ತವಲ್ಲ, ಅವು ಕೊಳೆಯಲ್ಲ, ಕಲ್ಲುಹೂವು. ಮಸಾಲೆಗೆ ಹಾಕ್ತೀವಲ್ಲ, ಅದೇ ಬಳಗ. ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಜೀವ ಅದು. ಕಲ್ಲಿಗೆ ಅಂಟಿ ಬೆಳೆಯುವ ಎಷ್ಟೋ ಬಗೆಗಳು ವರ್ಷಕ್ಕೆ ಒಂದೆರಡು ಮಿಲಿಮೀಟರ್ ಕೂಡ ಹರಡುವುದಿಲ್ಲ. ಅವು ಕಲ್ಲನ್ನು ಸ್ವಲ್ಪ ಸವೆಸುತ್ತವೆ, ನಿಜ. ಆದರೆ ಗಟ್ಟಿ ಕಲ್ಲಿನಲ್ಲಿ ಅದು ಬಹಳ ನಿಧಾನ. ಚೊಕ್ಕಟ ಮಾಡ್ತೀವಿ ಅಂತ ಆಸಿಡ್ ಸುರಿದು ತಂತಿ ಬ್ರಷ್‌ನಲ್ಲಿ ಉಜ್ಜಿದರೆ, ಕಲ್ಲುಕುಟಿಗರ ಉಳಿಯ ಗುರುತುಗಳು ಒಂದೇ ದಿನದಲ್ಲಿ ಹಾಳಾಗಬಹುದು.

ನಿಜವಾದ ಅಪಾಯ ಚಂದ ಕಾಣುವ ಅರಳಿ ಸಸಿ. ಹಕ್ಕಿ ಹಣ್ಣು ತಿಂದು ಸಂದಿನಲ್ಲಿ ಹಿಕ್ಕೆ ಹಾಕುತ್ತೆ, ಅಲ್ಲೇ ಬೀಜ ಮೊಳೆಯುತ್ತೆ. ಬೇರು ದಪ್ಪವಾದಂತೆ ಕಲ್ಲುಗಳು ಸರಿಯುತ್ತವೆ. ಮೇಲೆ ಕತ್ತರಿಸಿದರೆ ಮತ್ತೆ ಚಿಗುರುತ್ತೆ. ಬಲಿತ ಮೇಲೆ ಎಳೆದರೆ ಬೇರಿನ ಜೊತೆ ಕಲ್ಲೂ ಬರಬಹುದು. ಹಾಗಾಗಿ ನಾಲ್ಕೆಲೆ ಇರುವಾಗಲೇ ಬೇರುಸಹಿತ ತೆಗೆಸಬೇಕು. ಬಲಿತದ್ದನ್ನು ತಜ್ಞರಿಗೇ ಬಿಡಬೇಕು.

ಕಾವೇರಿಯಲ್ಲೇ ಕೆಳಗೆ, ಶಿವನಸಮುದ್ರದ ಬಳಿ ಇದೇ ಬಗೆಯ ಹಳೇ ಕಲ್ಲು ಸೇತುವೆಯ ಒಂದು ಭಾಗ 2018ರ ಪ್ರವಾಹದಲ್ಲಿ ಕೊಚ್ಚಿಹೋಯಿತು. ನೆರೆ ತಡೆಯೋದು ನಮ್ಮ ಕೈಲಿಲ್ಲ. ನೆರೆ ಬರುವ ಮುಂಚೆ ಸಂದುಗಳು ಸಡಿಲವಾಗದಂತೆ ನೋಡಿಕೊಳ್ಳೋದು ಮಾತ್ರ ಕೈಲಿದೆ.

ಮುಂದಿನ ರಜೆಗೆ ಹೋದಾಗ ನಿಮ್ಮೂರ ಹಳೇ ಸೇತುವೆಯನ್ನು ಮಕ್ಕಳ ಜೊತೆ ನೋಡಿ ಬನ್ನಿ. ಸಸಿ ಕಂಡರೆ ನೀವೇ ಕೀಳೋಕೆ ಹೋಗಬೇಡಿ. ಒಂದು ಫೋಟೋ ತೆಗೆದು ಪಂಚಾಯಿತಿಗೋ ಪುರಾತತ್ವ ಇಲಾಖೆಗೋ ಕೊಡಿ. ಕಲ್ಲುಹೂವನ್ನು ಅದರ ಪಾಡಿಗೆ ಬಿಡಿ. ಮತ್ತೆ ಸಿಗೋಣ.