ವಿಭೂತಿ ಒರೆಸಬೇಡಿ, ಮಂಗಳಾರತಿಯನ್ನೂ ಕೇಳಬೇಡಿ

ಅಮೆರಿಕದಲ್ಲಿ ಮಕ್ಕಳನ್ನು ಸರಕಾರಿ ಶಾಲೆಗೆ ಸೇರಿಸಿರುವ ನಮ್ಮ ಕನ್ನಡದ ತಂದೆತಾಯಿಯರಿಗೆ ಒಂದು ಮಾತು. ‘ಇಲ್ಲಿ ಧರ್ಮ ಬೇರೆ, ಸರಕಾರ ಬೇರೆ’ ಎಂದು ಯಾರೋ ಹೇಳಿದ್ದೇ ತಡ, ಮಗುವಿನ ಹಣೆಯ ವಿಭೂತಿ ಒರೆಸಿ ಬಸ್ಸು ಹತ್ತಿಸುತ್ತೀರಲ್ಲ, ಅದು ಬೇಡ.

ಧರ್ಮಕ್ಕೂ ಸರಕಾರಕ್ಕೂ ನಡುವಿನ ಆ ಪ್ರಸಿದ್ಧ ‘ಗೋಡೆ’ಯ ಮಾತು ಅಲ್ಲಿನ ಸಂವಿಧಾನದಲ್ಲಿಲ್ಲ. 1802ರಲ್ಲಿ ಅಧ್ಯಕ್ಷ ಜೆಫರ್ಸನ್ ಕನೆಕ್ಟಿಕಟ್‌ನ ಡ್ಯಾನ್‌ಬರಿಯ ಬ್ಯಾಪ್ಟಿಸ್ಟ್ ಪಂಗಡದ ಕ್ರೈಸ್ತರಿಗೆ ಬರೆದ ಕಾಗದದಲ್ಲಿದೆ. ಆ ಬ್ಯಾಪ್ಟಿಸ್ಟರು ಅಲ್ಪಸಂಖ್ಯಾತರು. ಅವರ ರಾಜ್ಯದಲ್ಲಿ ಸರಕಾರದ ಆಸರೆಯಿದ್ದದ್ದು ಬೇರೊಂದು ಚರ್ಚಿಗೆ. ಅಂದರೆ ಆ ಗೋಡೆಯ ಮಾತು ಬಂದದ್ದು ಅಂಥವರ ನಂಬಿಕೆಯನ್ನು ಕಾಯಲು, ಒರೆಸಲು ಅಲ್ಲ. ಸಂವಿಧಾನದ 1791ರ ಮೊದಲನೆಯ ತಿದ್ದುಪಡಿ ಕಟ್ಟುವುದು ಸರಕಾರದ ಕೈಯನ್ನು, ಮಗುವಿನ ಕೈಯನ್ನಲ್ಲ; ಸರಕಾರಿ ಶಾಲೆಯೂ ಸರಕಾರದ ಕೈಯೇ. ಊಟಕ್ಕೆ ಮುಂಚೆ ನಿಮ್ಮ ಮಗು ತನ್ನಷ್ಟಕ್ಕೆ ಕೈಮುಗಿದರೆ ಶಾಲೆ ತಡೆಯುವ ಹಾಗಿಲ್ಲ.

ಹಾಗೆಂದು ಇನ್ನೊಂದು ತುದಿಗೂ ಹೋಗಬೇಡಿ. ಊರಿನ ಶಾಲೆಯ ಶಾರದಾ ಪೂಜೆ ನೆನೆದು, ತರಗತಿಯಲ್ಲಿ ಟೀಚರೇ ಗಣಪತಿ ಶ್ಲೋಕ ಹೇಳಿಸಲಿ ಎಂದು ಕೇಳುವುದು ತರವಲ್ಲ. ಸರಕಾರಿ ಶಾಲೆ ತಾನಾಗಿ ಪ್ರಾರ್ಥನೆ ಹೇಳಿಸಕೂಡದೆಂದು ಸುಪ್ರೀಂ ಕೋರ್ಟ್ 1962ರಲ್ಲೇ ತೀರ್ಪಿತ್ತಿದೆ. ನಿಮ್ಮ ಮಗುವಿನ ಬಾಯಲ್ಲಿ ಬೇರೆಯವರ ಪ್ರಾರ್ಥನೆ ಹೇಳಿಸದಂತೆ ಕಾಯುತ್ತಿರುವುದೂ ಅದೇ ತೀರ್ಪು, ಮರೆಯಬೇಡಿ. ದೀಪಾವಳಿ ಎಂದರೇನು ಎಂದು ಪಾಠವಾಗಿ ಹೇಳಿಕೊಡಬಹುದು; ಮಂಗಳಾರತಿ ಮನೆಯಲ್ಲಿರಲಿ.

ಖಾಸಗಿ ಶಾಲೆಯ ಲೆಕ್ಕವೇ ಬೇರೆ; ಅದು ಸರಕಾರವಲ್ಲ, ಆ ತಿದ್ದುಪಡಿ ಅದರ ಕೈ ಕಟ್ಟುವುದಿಲ್ಲ. ಚರ್ಚು ನಡೆಸುವ ಶಾಲೆಗೆ ಸೇರಿಸಿ ಆಮೇಲೆ ಬೈಬಲ್ ಪಾಠಕ್ಕೆ ಗೊಣಗಿದರೆ ಯಾರೂ ಕಿವಿಗೊಡುವುದಿಲ್ಲ. ದಾಖಲಾತಿಯ ಕಾಗದಕ್ಕೆ ಸಹಿ ಹಾಕುವ ಮೊದಲು ದಯವಿಟ್ಟು ಪೂರ್ತಿ ಓದಿ.