ಪುಂಡಿ, ಸೊಗದೆ, ದಾಳಿಂಬೆ: ಬಯಲುಸೀಮೆಯ ಬಿಸಿಲಿಗೆ ಮನೆಯದೇ ಐಸ್ ಟೀ

ಅಂಗಡಿಯಲ್ಲಿ ಸಿಗುವ ಐಸ್ ಟೀ ಪುಡಿಯ ಪೊಟ್ಟಣವನ್ನು ತಿರುಗಿಸಿ, ಒಳಗೇನಿದೆ ಎಂಬ ಪಟ್ಟಿ ಓದಿ. ಹೆಚ್ಚಿನವುಗಳಲ್ಲಿ ಮೊದಲ ಹೆಸರೇ ಸಕ್ಕರೆ. ಪೊಟ್ಟಣದ ಮೇಲೆ ಹಣ್ಣಿನ ಚಿತ್ರ ಎಷ್ಟೇ ದೊಡ್ಡದಿರಲಿ, ಒಳಗಿನದು ಬಹುಪಾಲು ಹಣ್ಣಿನ ಪರಿಮಳ ಮಾತ್ರ. ನಿಜವಾದ ಹಣ್ಣು, ಹೂವು, ಬೇರು ಹಾಕಿ ಅದನ್ನೇ ಮನೆಯಲ್ಲಿ ಮಾಡಿಕೊಳ್ಳುವುದು ಪಾನಕ ಮಾಡಿದಷ್ಟೇ ಸಲೀಸು. ಚಳ್ಳಕೆರೆ, ಮೊಳಕಾಲ್ಮೂರಿನವರಿಗಂತೂ ಸಾಮಾನಿಗಾಗಿ ದೂರ ಹೋಗುವ ಕೆಲಸವೇ ಇಲ್ಲ. ಹೊಲದ ಅಂಚಿನ ಪುಂಡಿ, ತೋಟದ ದಾಳಿಂಬೆ, ಹಿತ್ತಲಿನ ತುಳಸಿ, ಗ್ರಂಧಿಗೆ ಅಂಗಡಿಯ ಸೊಗದೆ ಬೇರು ಇಷ್ಟಿದ್ದರೆ ಸಾಕು.

ತಣ್ಣನೆಯ ಟೀ ಹುಟ್ಟಿದ್ದೇ ಸೆಕೆಯಿಂದ. ಅಮೆರಿಕದ ಅಡುಗೆ ಪುಸ್ತಕವೊಂದರಲ್ಲಿ 1879ರಷ್ಟು ಹಿಂದೆಯೇ ಅದನ್ನು ಮಾಡುವ ವಿಧಾನ ಅಚ್ಚಾಗಿತ್ತು. 1904ರ ಸೇಂಟ್ ಲೂಯಿಸ್ ಜಾಗತಿಕ ಮೇಳದಲ್ಲಿ ಭಾರತದ ಚಹಾ ಪ್ರಚಾರಕ್ಕೆ ಹೋಗಿದ್ದ ರಿಚರ್ಡ್ ಬ್ಲೆಚಿಂಡೆನ್ ಐಸ್ ಹಾಕಿ ಹಂಚಿದ ಮೇಲೆ ಅದು ಮನೆಮಾತಾಯಿತು. ನಾವಿಲ್ಲಿ ಮಾಡಲಿರುವುದರಲ್ಲಿ ಚಹಾ ಎಲೆಯೇ ಇರುವುದಿಲ್ಲ. ಹಾಗೆ ಬಿಡುವುದಕ್ಕೆ ಈ ಸೀಮೆಯದೇ ಒಂದು ಕಾರಣವಿದೆ.

ಮೊದಲು ನೀರು

ಈ ಎರಡೂ ತಾಲ್ಲೂಕುಗಳ ಅನೇಕ ಊರುಗಳಲ್ಲಿ ಕೊಳವೆಬಾವಿ ನೀರು ಗಡಸು. ಜೊತೆಗೆ ಫ್ಲೋರೈಡ್ ಕಾಟ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲವೆಂದಾಗ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಚಹಾ ಗಿಡವೂ ಮಣ್ಣಿನ ಫ್ಲೋರೈಡನ್ನು ಹೀರಿ ಎಲೆಯಲ್ಲಿ ಕೂಡಿಟ್ಟುಕೊಳ್ಳುವ ಜಾತಿಯದು. ಹೀಗಾಗಿ ದಿನಕ್ಕೆ ನಾಲ್ಕೈದು ಲೋಟ ಟೀ ಕುಡಿಯುವವರು ಬೇಸಿಗೆಯಲ್ಲಿ ಒಂದೆರಡು ಲೋಟವನ್ನಾದರೂ ಎಲೆಯಿಲ್ಲದ ಪಾನೀಯಕ್ಕೆ ಬದಲಾಯಿಸಿಕೊಳ್ಳುವುದು ಒಳ್ಳೆಯದು.

ಆದ್ದರಿಂದ ಟೀಗೂ, ಅದರ ಐಸಿಗೂ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನ್ ನೀರನ್ನೇ ಬಳಸಿ. ನೀರು ರುಚಿಯನ್ನಷ್ಟೇ ಅಲ್ಲ, ಬಣ್ಣವನ್ನೂ ಕೆಡಿಸಬಲ್ಲದು. ಕೆಂಪು ದಾಸವಾಳದ ದಳಗಳನ್ನು ಬಿಸಿ ನೀರಿಗೆ ಹಾಕಿ ನೋಡಿ. ಐದು ನಿಮಿಷದಲ್ಲಿ ದಳ ಬಿಳಿಚಿಕೊಳ್ಳುತ್ತದೆ, ನೀರು ನೇರಳೆಗೆ ತಿರುಗುತ್ತದೆ. ಬೋರ್‌ವೆಲ್ ನೀರಾದರೆ ಮಸಿ ಕಲಸಿದಂಥ ನೀಲಿಗೇ ಹೋಗುತ್ತದೆ. ಅದಕ್ಕೆ ಅರ್ಧ ಹೋಳು ನಿಂಬೆ ಹಿಂಡಿದರೆ ಕಣ್ಣೆದುರೇ ಕೆಂಪಾಗುತ್ತದೆ. ಹೂವಿನಲ್ಲಿರುವ ಬಣ್ಣದ ಅಂಶ ಕ್ಷಾರಕ್ಕೆ ನೀಲಿಯತ್ತ, ಹುಳಿಗೆ ಕೆಂಪಿನತ್ತ ತಿರುಗುವಂಥದ್ದು.

ಬೇಕಾಗುವ ಸಾಮಾನು

ಆರು ಲೋಟಕ್ಕೆ ಈ ಅಳತೆ:

- ಒಣಗಿಸಿದ ಕೆಂಪು ಪುಂಡಿ ದಳ: 15 ಗ್ರಾಂ, ಅಂದರೆ ದೊಡ್ಡದೊಂದು ಹಿಡಿ (ಹಸಿಯದಾದರೆ ಸುಮಾರು 120 ಗ್ರಾಂ)
- ಕುದಿಸಲು ನೀರು: ಅರ್ಧ ಲೀಟರ್
- ಆಮೇಲೆ ಬೆರೆಸಲು ತಣ್ಣೀರು: 400 ಮಿ.ಲೀ.
- ದೊಡ್ಡ ದಾಳಿಂಬೆ: 2
- ಸಕ್ಕರೆ: 60 ಗ್ರಾಂ
- ಜಜ್ಜಿದ ಏಲಕ್ಕಿ 2, ಬೆರಳ ತುದಿಯಷ್ಟು ಶುಂಠಿ, ಒಂದು ಚಿಟಿಕೆ ಉಪ್ಪು, ನಾಲ್ಕು ಎಸಳು ಪುದೀನ

ಪುಂಡಿಯಲ್ಲಿ ಎರಡು ಬಗೆ. ಸೊಪ್ಪಿಗೂ ನಾರಿಗೂ ಬೆಳೆಯುವ ಪುಂಡಿಯಲ್ಲಿ ಕಾಯಿಯ ಸುತ್ತಲಿನ ಎಸಳು ತೆಳ್ಳಗೆ, ಮುಳ್ಳುಮುಳ್ಳಾಗಿರುತ್ತದೆ; ಅದು ಇದಕ್ಕೆ ಬಾರದು. ಬೇಕಾದದ್ದು ಹೂ ಉದುರಿದ ಮೇಲೆ ಕಾಯಿಯನ್ನು ಅಪ್ಪಿಕೊಂಡಿರುವ ದಪ್ಪ, ರಸಭರಿತ, ಕಡುಗೆಂಪು ದಳ. ಈಜಿಪ್ಟಿನಲ್ಲಿ, ಪಶ್ಚಿಮ ಆಫ್ರಿಕದಲ್ಲಿ, ಮೆಕ್ಸಿಕೋದಲ್ಲಿ ಬೀದಿ ಬೀದಿಯಲ್ಲಿ ಮಾರುವ ಕೆಂಪು ತಂಪು ಪಾನೀಯ ಇದರದೇ. ನಗರಗಳಲ್ಲಿ ಸಣ್ಣ ಡಬ್ಬಿಯಲ್ಲಿ ದುಬಾರಿ ಬೆಲೆಗೆ ಸಿಗುವ ‘ಹೈಬಿಸ್ಕಸ್ ಟೀ’ ಕೂಡ ಹೆಚ್ಚಾಗಿ ಇದೇ.

ಪಾತ್ರೆ ಸ್ಟೀಲಿನದು ಅಥವಾ ಗಾಜಿನದು ಇರಲಿ. ಪುಂಡಿ, ನಿಂಬೆ, ಹುಣಸೆಯ ಹುಳಿ ಅಲ್ಯೂಮಿನಿಯಂ, ತಾಮ್ರ, ಕಲಾಯಿ ಇಲ್ಲದ ಹಿತ್ತಾಳೆಗಳನ್ನು ತಿನ್ನುತ್ತದೆ.

ಮಾಡುವ ಬಗೆ, ಹಂತ ಹಂತವಾಗಿ

1. ತೊಳೆಯಿರಿ. ಒಣ ಪುಂಡಿ ದಳದಲ್ಲಿ ದೂಳು, ಮರಳು ಸೇರಿರುತ್ತದೆ. ತಣ್ಣೀರಿನಲ್ಲಿ ಒಮ್ಮೆ ಬೇಗನೆ ಜಾಲಿಸಿ ತೆಗೆಯಿರಿ. ನೆನೆಹಾಕಬೇಡಿ, ಬಣ್ಣವೆಲ್ಲ ತೊಳೆದ ನೀರಿಗೇ ಹೋಗುತ್ತದೆ.

2. ಗಟ್ಟಿ ಡಿಕಾಕ್ಷನ್ ಇಳಿಸಿ. ಅರ್ಧ ಲೀಟರ್ ನೀರು ಕೊತಕೊತ ಕುದಿಯುವಾಗ ಒಲೆ ಆರಿಸಿ. ಪುಂಡಿ, ಏಲಕ್ಕಿ, ಶುಂಠಿ ಹಾಕಿ ತಟ್ಟೆ ಮುಚ್ಚಿ. ಹತ್ತು ನಿಮಿಷ ಸಾಕು. ಒಲೆಯ ಮೇಲಿಟ್ಟು ಕುದಿಸುತ್ತ ಹೋದರೆ ಒಗರು ಇಳಿಯುತ್ತದೆ, ಪರಿಮಳ ಹಬೆಯೊಂದಿಗೆ ಹಾರಿಹೋಗುತ್ತದೆ. ಆಮೇಲೆ ತಣ್ಣೀರು, ಹಣ್ಣಿನ ರಸ, ಐಸ್ ಸೇರುವುದರಿಂದ ಈ ಡಿಕಾಕ್ಷನ್ ನಾಲಿಗೆಗೆ ಜೋರಾಗಿಯೇ ಇರಬೇಕು.

3. ಬಿಸಿ ಇರುವಾಗಲೇ ಸಿಹಿ. ಸೋಸಿದ ಕೂಡಲೇ ಸಕ್ಕರೆ, ಉಪ್ಪು ಹಾಕಿ ಕರಗಿಸಿ. ತಣ್ಣಗಾದ ಮೇಲೆ ಹಾಕಿದ ಸಕ್ಕರೆ ತಳದಲ್ಲೇ ಕೂರುತ್ತದೆ. ಈ ಅಳತೆಗೆ ಲೋಟಕ್ಕೆ ಸುಮಾರು ಎರಡು ಚಮಚ ಸಕ್ಕರೆ ಬಿತ್ತು. ಕಡಿಮೆ ಮಾಡುವುದು ನಿಮಗೆ ಬಿಟ್ಟದ್ದು. ಬೆಲ್ಲವೂ ಆಗುತ್ತದೆ. ಆದರೆ ಕೆಂಪು ಹೋಗಿ ಕಂದು ಬರುತ್ತದೆ, ಕಸ ಸೋಸಲು ಇನ್ನೊಮ್ಮೆ ಬಟ್ಟೆ ಹಿಡಿಯಬೇಕು.

4. ತಣಿಸಿ. ಬಿಸಿ ಪಾತ್ರೆಯನ್ನು ನೇರ ಫ್ರಿಜ್ಜಿಗೆ ಇಡಬೇಡಿ. ಅಗಲ ಬೋಗುಣಿಯಲ್ಲಿ ನೀರು ತುಂಬಿ ಅದರಲ್ಲಿ ಪಾತ್ರೆ ಕೂರಿಸಿ. ಒದ್ದೆ ಹತ್ತಿ ಬಟ್ಟೆಯನ್ನು ಪಾತ್ರೆಗೆ ಸುತ್ತಿ, ಅದರ ಅಂಚು ಬೋಗುಣಿಯ ನೀರಿನಲ್ಲಿ ಮುಳುಗಿರಲಿ. ಗಾಳಿ ಆಡುವ ಕಡೆ ಇಡಿ. ನಮ್ಮ ಕಡೆಯ ಒಣಗಾಳಿಗೆ ಬಟ್ಟೆಯ ನೀರು ಬೇಗ ಆರುತ್ತದೆ, ಆರುವಾಗ ಪಾತ್ರೆಯ ಶಾಖವನ್ನೂ ಎಳೆದುಕೊಳ್ಳುತ್ತದೆ. ಮಡಕೆಯ ನೀರು ಕರಾವಳಿಗಿಂತ ಇಲ್ಲಿ ಹೆಚ್ಚು ತಂಪಾಗುವುದೂ ಇದಕ್ಕೇ. ಕರೆಂಟು ಹೋದ ದಿನ ಈ ಉಪಾಯವೇ ಗತಿ.

5. ದಾಳಿಂಬೆ ರಸ ತೆಗೆಯಿರಿ. ಕಾಳು ಬಿಡಿಸಿ ಮಿಕ್ಸಿಯಲ್ಲಿ ಒಂದೆರಡು ಸುತ್ತು ಮಾತ್ರ ತಿರುಗಿಸಿ, ತೆಳು ಬಟ್ಟೆಯಲ್ಲಿ ಹಿಂಡಿ. ನುಣ್ಣಗೆ ಅರೆದರೆ ಒಳಗಿನ ಬೀಜ ಪುಡಿಯಾಗಿ ಕಹಿ ಬಿಡುತ್ತದೆ. ಎರಡು ಹಣ್ಣಿಗೆ ಸುಮಾರು 250 ಮಿ.ಲೀ. ರಸ ಸಿಗುತ್ತದೆ. ಎರಡು ಚಮಚದಷ್ಟು ಕಾಳು ಮೇಲೆ ತೇಲಿಬಿಡಲು ಎತ್ತಿಡಿ.

6. ತಣ್ಣಗಾದ ಮೇಲೆ ಹಣ್ಣು. ಡಿಕಾಕ್ಷನ್ ಪೂರ್ತಿ ತಣಿದ ಮೇಲೆ ತಣ್ಣೀರು, ದಾಳಿಂಬೆ ರಸ ಬೆರೆಸಿ. ಬಿಸಿಯಲ್ಲಿ ಬೆರೆಸಿದರೆ ಹಣ್ಣಿನ ತಾಜಾತನ ಹೋಗಿ ಬೇಯಿಸಿದ ವಾಸನೆ ಬರುತ್ತದೆ.

7. ಐಸ್. ಬೆರೆಸಿದ ಟೀಯಲ್ಲೇ ಒಂದು ಲೋಟದಷ್ಟನ್ನು ಐಸ್ ಟ್ರೇಗೆ ಸುರಿದು ಮೊದಲೇ ಗಟ್ಟಿಮಾಡಿಟ್ಟರೆ, ಕರಗಿದಾಗ ಟೀ ನೀರಾಗುವುದಿಲ್ಲ. ಐಸ್ ಕಾರ್ಖಾನೆಯ ದಿಂಡು ಐಸ್ ಬೇಡ. ಅದರಲ್ಲಿ ಬಹಳಷ್ಟು ಸಾಮಾನು ಕೆಡದಂತೆ ಇಡಲು ಮಾಡಿದ್ದೇ ಹೊರತು ತಿನ್ನಲು ಮಾಡಿದ್ದಲ್ಲ.

ಪುದೀನ ಎಸಳನ್ನು ಅಂಗೈ ನಡುವೆ ಒಮ್ಮೆ ತಟ್ಟಿ ಲೋಟಕ್ಕೆ ಹಾಕಿ, ಪರಿಮಳ ಬಿಡುತ್ತದೆ. ಸಂಜೆಯ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಖಾರಕ್ಕೆ ಈ ಹುಳಿ-ಸಿಹಿ ಬಿಸಿ ಟೀಗಿಂತ ಚೆನ್ನಾಗಿ ಹೊಂದುತ್ತದೆ. ಮೊಳಕಾಲ್ಮೂರಿನ ಮಗ್ಗದ ಮನೆಗಳಿಗೆ ಮಾತ್ರ ಒಂದು ಮಾತು: ಈ ಲೋಟ ನೇಯುವ ಜಾಗದ ಹತ್ತಿರ ಬೇಡ. ಪುಂಡಿ ರಸದ ಒಂದು ಹನಿ ರೇಷ್ಮೆಯ ಮೇಲೆ ಬಿದ್ದರೂ ಕಲೆ ಬಿಡಿಸುವುದು ಕಷ್ಟ.

ಇನ್ನು ಮೂರು ಬಗೆ

*ಸೊಗದೆ-ನಿಂಬೆ.* ಗಡಿಯಾಚೆಯ ರಾಯಲಸೀಮೆಯಲ್ಲಿ ನನ್ನಾರಿ ಶರಬತ್ತು ಎಂದು ಬೇಸಿಗೆಯಿಡೀ ಮಾರುವುದು ಇದೇ ಬೇರಿನದು. 20 ಗ್ರಾಂ ಬೇರು ತೊಳೆದು, ಕುಟ್ಟಾಣಿಯಲ್ಲಿ ಜಜ್ಜಿ, ನಡುವಿನ ಬಿಳಿ ಕಡ್ಡಿ ತೆಗೆದುಹಾಕಿ. ಪರಿಮಳವಿರುವುದು ತೊಗಟೆಯಲ್ಲಿ. ಅರ್ಧ ಲೀಟರ್ ಕುದಿನೀರು ಸುರಿದು ಮುಚ್ಚಿ, ತಣಿದ ಮೇಲೆ ಫ್ರಿಜ್ಜಿನಲ್ಲಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಸೋಸಿ, ಅಷ್ಟೇ ತಣ್ಣೀರು, ಎರಡು ನಿಂಬೆಯ ರಸ, ಕರಗಿಸಿದ ಬೆಲ್ಲ, ನೆನೆದು ಉಬ್ಬಿದ ಒಂದು ಚಮಚ ಕಾಮಕಸ್ತೂರಿ ಬೀಜ ಸೇರಿಸಿ. ಇದಕ್ಕೆ ಬೆಲ್ಲವೇ ಚೆಂದ.

*ಮಜ್ಜಿಗೆಹುಲ್ಲು-ಕರಬೂಜ.* ನಾಲ್ಕು ಗರಿ ಮಜ್ಜಿಗೆಹುಲ್ಲನ್ನು ಕತ್ತರಿಸಿ ಅರ್ಧ ಲೀಟರ್ ಬಿಸಿ ನೀರಿನಲ್ಲಿ ಎಂಟು ನಿಮಿಷ ಮುಚ್ಚಿಟ್ಟು ಸೋಸಿ. ಕರಬೂಜದ ತಿರುಳು ಅರೆದು ಹಾಕಿದರೆ ಮಂದವಾಗುತ್ತದೆ; ಸಣ್ಣ ತುಂಡು ಮಾಡಿ, ತಣಿದ ಡಿಕಾಕ್ಷನ್ನಿನಲ್ಲಿ ಒಂದು ತಾಸು ನೆನೆಯಲು ಬಿಡಿ. ಕೊನೆಗೆ ನಿಂಬೆ. ತುಂಡುಗಳನ್ನು ಚಮಚದಲ್ಲಿ ತಿನ್ನಬಹುದು.

*ತುಳಸಿ-ನೇರಳೆ.* ಇದು ಜೂನ್, ಜುಲೈ ತಿಂಗಳದ್ದು. ಹದಿನೈದು ತುಳಸಿ ಎಲೆ, ಎರಡು ಕಾಳುಮೆಣಸು ಬಿಸಿ ನೀರಿನಲ್ಲಿ ಐದು ನಿಮಿಷ. ಒಂದು ಬಟ್ಟಲು ನೇರಳೆಹಣ್ಣನ್ನು ಉಪ್ಪು ಹಾಕಿ ಕೈಯಿಂದ ಹಿಸುಕಿ, ಬೀಜ ತೆಗೆದು, ತಣಿದ ನೀರಿಗೆ ಬೆರೆಸಿ ಸೋಸಿ. ನೇರಳೆಯ ಒಗರಿಗೆ ನಿಂಬೆ ಸ್ವಲ್ಪ ಹೆಚ್ಚೇ ಬೇಕು.

ಸೀತಾಫಲ ಈ ಕೆಲಸಕ್ಕಲ್ಲ. ಅದರ ತಿರುಳು ನೀರಿನಲ್ಲಿ ಬೆರೆಯದೆ ಗಂಜಿಯಾಗುತ್ತದೆ.

ಕೆಟ್ಟರೆ ಸರಿಪಡಿಸುವುದು

- ಹುಳಿ ಹೆಚ್ಚಾದರೆ ಸಕ್ಕರೆ ಸುರಿಯಬೇಡಿ; ಮೊದಲು ನೀರು, ಆಮೇಲೆ ಒಂದು ಹರಳು ಉಪ್ಪು.
- ಒಗರಾದರೆ ಡಿಕಾಕ್ಷನ್ ಹೆಚ್ಚು ಹೊತ್ತು ನಿಂತಿದೆ. ಹಣ್ಣಿನ ರಸ ಹೆಚ್ಚಿಸಿ. ಮುಂದಿನ ಸಲ ಸಮಯ ಕಡಿಮೆ ಮಾಡಿ.
- ಸಪ್ಪೆಯಾದರೆ ಸೋಸಿದ ಚರಟವನ್ನೇ ಮತ್ತೆ ಕುದಿಸಬೇಡಿ. ಹೊಸದಾಗಿ ಅರ್ಧ ಹಿಡಿ ಹಾಕಿ ಒಂದು ಲೋಟ ಗಟ್ಟಿ ಡಿಕಾಕ್ಷನ್ ಮಾಡಿ ಸೇರಿಸಿ.
- ಬಣ್ಣ ಮಂಕಾದರೆ ನಾಲ್ಕು ಹನಿ ನಿಂಬೆ.

ಎಚ್ಚರ ವಹಿಸಬೇಕಾದ್ದು

ಮಹಡಿಯ ಮೇಲೆ ಇಷ್ಟು ಬಿಸಿಲಿರುವಾಗ ಒಲೆ ಏಕೆ, ಗಾಜಿನ ಜಾಡಿಯಲ್ಲಿ ನೀರು-ಸೊಪ್ಪು ಹಾಕಿ ಬಿಸಿಲಿಗಿಟ್ಟರೆ ಸಾಲದೇ ಎನಿಸಬಹುದು. ಸಾಲದು. ಬಿಸಿಲಿಗಿಟ್ಟ ನೀರು 55 ಡಿಗ್ರಿ ದಾಟುವುದೇ ಕಷ್ಟ. ಆ ಬೆಚ್ಚಗಿನಲ್ಲಿ ಎಲೆ, ಬೇರುಗಳಲ್ಲಿರುವ ಬ್ಯಾಕ್ಟೀರಿಯಾ ಸಾಯುವ ಬದಲು ಬೆಳೆಯಬಹುದು. ಕುದಿನೀರೇ ಆಗಬೇಕು, ಇಲ್ಲವೆಂದರೆ ಪೂರ್ತಿ ಫ್ರಿಜ್ಜಿನಲ್ಲೇ ನೆನೆಸಬೇಕು.

ಹಣ್ಣಿನ ರಸ ಸೇರಿದ ಟೀ ಅಂದೇ ಮುಗಿಯಲಿ. ಬರಿ ಡಿಕಾಕ್ಷನ್ ಫ್ರಿಜ್ಜಿನಲ್ಲಿ ಎರಡು ದಿನ ಇರುತ್ತದೆ. ಬೇಸಿಗೆಯಲ್ಲಿ ಎರಡು ತಾಸು ಹೊರಗುಳಿದದ್ದನ್ನು ಮತ್ತೆ ಒಳಗಿಡದೆ ಚೆಲ್ಲಿ.

ಕಲ್ಲುಭೂಮಿಯಲ್ಲಿ ಹಳದಿಯಾಗಿ ಅರಳುವ ತಂಗಡಿ ಹೂವನ್ನೂ ಕಷಾಯ ಮಾಡುವವರಿದ್ದಾರೆ. ಗಿಡದ ಗುರುತು ನಿಚ್ಚಳವಾಗಿ ಗೊತ್ತಿದ್ದವರು ಮಾತ್ರ ಕೀಳಬೇಕು. ಬೇಲಿಯಲ್ಲಿ, ದೇವಸ್ಥಾನದ ಅಂಗಳದಲ್ಲಿ ಬೆಳೆಯುವ ಹಳದಿ ಕಣಗಿಲೆ, ಹೆದ್ದಾರಿಯ ನಡುವೆ ನೆಟ್ಟ ಗುಲಾಬಿ ಕಣಗಿಲೆ ಎರಡೂ ಹೃದಯವನ್ನೇ ನಿಲ್ಲಿಸಬಲ್ಲ ವಿಷ. ದಾಳಿಂಬೆ ಸಿಪ್ಪೆಯನ್ನು ಕುದಿಸುವ ಆಸೆಯೂ ಬೇಡ. ದಾಳಿಂಬೆ ತೋಟಕ್ಕೆ ಔಷಧಿ ಸಿಂಪಡಣೆ ಎಷ್ಟೆಂದು ಬೆಳೆಗಾರರಿಗೆ ಹೇಳಬೇಕಿಲ್ಲ.

ಪುಂಡಿ ದಳ ರಕ್ತದೊತ್ತಡವನ್ನು ತುಸು ಇಳಿಸುತ್ತದೆ. ಬಿ.ಪಿ. ಮಾತ್ರೆ ನುಂಗುವವರು ದಿನವೂ ಕುಡಿಯುವ ಮುನ್ನ ವೈದ್ಯರನ್ನು ಕೇಳಿ. ಗರ್ಭಿಣಿಯರು ಪುಂಡಿ ಬಿಟ್ಟು ನಿಂಬೆ, ಪುದೀನದ ಬಗೆ ಮಾಡಿಕೊಳ್ಳಲಿ. ಸಕ್ಕರೆ ಕಾಯಿಲೆಯವರಿಗೆ ಬೆಲ್ಲವೂ ಸಕ್ಕರೆಯೇ.

ಪುಂಡಿ ಒಣಗಿಸಿಡುವುದು

ಪುಂಡಿ ದಳ ಕೈಗೆ ಬರುವುದು ನವೆಂಬರ್, ಡಿಸೆಂಬರಿನಲ್ಲಿ, ಬೇಕಾಗುವುದು ಮಾರ್ಚಿನಿಂದ. ಬೀಜದ ಕಾಯಿ ತೆಗೆದು, ದಳವನ್ನು ತೊಳೆದು ಬಟ್ಟೆಯ ಮೇಲೆ ಹರಡಿ. ನೆರಳಿನಲ್ಲಿ, ಗಾಳಿಯಲ್ಲಿ ಒಣಗಲಿ. ನೇರ ಬಿಸಿಲಿಗೆ ಬಣ್ಣ ಮಾಸುತ್ತದೆ. ಮುರಿದರೆ ಪಟ್ಟನೆ ಮುರಿಯುವಂತಾದಾಗ ಗಾಜಿನ ಡಬ್ಬಿಗೆ ತುಂಬಿ, ಕತ್ತಲಲ್ಲಿಡಿ.

ಐವತ್ತು ಲೋಟಕ್ಕೆ

ಫಾಲ್ಗುಣದ ನಾಯಕನಹಟ್ಟಿ ಜಾತ್ರೆಗೆ ಅರವಟ್ಟಿಗೆ ಇಡುವವರು, ಮನೆಯಲ್ಲಿ ಮದುವೆ-ಮುಂಜಿ ಇಟ್ಟುಕೊಂಡವರು ಪಾನಕದ ಜೊತೆ ಇದನ್ನೂ ಇಡಬಹುದು. ನಾಲ್ಕು ಲೀಟರ್ ಕುದಿನೀರಿಗೆ 150 ಗ್ರಾಂ ಒಣ ಪುಂಡಿ, 50 ಗ್ರಾಂ ಜಜ್ಜಿದ ಶುಂಠಿ, ಹತ್ತು ಏಲಕ್ಕಿ. ಹದಿನೈದು ನಿಮಿಷ ಮುಚ್ಚಿ ಸೋಸಿ, 600 ಗ್ರಾಂ ಸಕ್ಕರೆ ಕರಗಿಸಿ. ಈ ಡಿಕಾಕ್ಷನ್ ತಣಿಸಿ ಜಾಗಕ್ಕೆ ಒಯ್ದು, ಅಲ್ಲೇ ಆರು ಲೀಟರ್ ತಣ್ಣನೆಯ ಕ್ಯಾನ್ ನೀರು ಬೆರೆಸಿ. ಜನಕ್ಕೆ ಹಂಚುವಾಗ ದಾಳಿಂಬೆ ರಸ ಬಿಟ್ಟುಬಿಡಿ; ಬಿಸಿಲಿನಲ್ಲಿ ಬೇಗ ಕೆಡುತ್ತದೆ. ಅದರ ಬದಲು ಮೇಲೆ ಒಂದೊಂದು ನಿಂಬೆ ಬಿಲ್ಲೆ ತೇಲಿಸಿ. ಸಕ್ಕರೆ ಹಾಕುವ ಮುನ್ನ ಒಂದು ಲೀಟರನ್ನು ಬೇರೆ ತೆಗೆದು ‘ಸಿಹಿ ಇಲ್ಲದ್ದು’ ಎಂದು ಚೀಟಿ ಹಚ್ಚಿಡಿ. ಬಾಯಾರಿ ಬರುವವರಲ್ಲಿ ಸಕ್ಕರೆ ಕಾಯಿಲೆಯವರೂ ಇರುತ್ತಾರೆ.