ಫಿಯಾಟ್ ಚಾಲೂ ಆಗದಿದ್ದರೆ ಪೆಟ್ರೋಲಿನ ದಾರಿ ಹಿಡಿಯಿರಿ

ಹಳೆಯ ಕಾರು ಚಾಲೂ ಆಗುತ್ತಿಲ್ಲ ಎಂದು ಯಾರೇ ಬಂದರೂ ಬೈಲಹೊಂಗಲದ ನಮ್ಮ ಮಿಸ್ತ್ರಿ ಕಾಕಾ ಬಾನೆಟ್ ಎತ್ತುವ ಮೊದಲು ಒಂದು ಮಾತು ಕೇಳುತ್ತಾರೆ: ‘ಥಂಡ್ ಇದ್ದಾಗ ಆಗೂದಿಲ್ಲೋ, ಬಿಸಿ ಆದ ಮ್ಯಾಲೆ ಆಗೂದಿಲ್ಲೋ?’ ಉತ್ತರ ಸಿಗುವ ತನಕ ಪಾನಾ ಕೈಗೆ ತೆಗೆದುಕೊಳ್ಳುವುದಿಲ್ಲ. ದೊಡ್ಡಪ್ಪನಿಂದ ನನಗೆ ಬಂದ ಪ್ರೀಮಿಯರ್ ಪದ್ಮಿನಿಯನ್ನು ಓಡಿಸಲು ಶುರು ಮಾಡಿದ ಮೇಲೆ ಈ ಪ್ರಶ್ನೆಯ ಬೆಲೆ ನನಗೆ ತಿಳಿಯಿತು. ಹೆಸರು ಪದ್ಮಿನಿಯಾದರೂ ನಮ್ಮ ಕಡೆ ಅದು ಇಂದಿಗೂ ಫಿಯಾಟೇ. 1089 ಸಿಸಿ ಎಂಜಿನ್, ಕೈಯಿಂದ ಎಳೆಯುವ ಚೋಕ್, ಎಂಜಿನ್ನಿನ ಪಕ್ಕದಲ್ಲೇ ಕೂತ ಪೆಟ್ರೋಲ್ ಪಂಪು, ಒಂದು ಕಾರ್ಬುರೇಟರ್. ಕಂಪ್ಯೂಟರಿಲ್ಲ, ಸೆನ್ಸರಿಲ್ಲ. ಏನು ಕೆಟ್ಟರೂ ಕಣ್ಣು, ಮೂಗು, ಕೈಯಿಂದಲೇ ಪತ್ತೆ ಹಚ್ಚಬಹುದು.

ಹೆಚ್ಚಿನವರು ಮೊದಲು ಕಾರ್ಬುರೇಟರಿನ ಸ್ಕ್ರೂಗೆ ಕೈ ಹಾಕುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ನಿನ್ನೆ ಸರಿಯಾಗಿದ್ದ ಸ್ಕ್ರೂ ರಾತ್ರೋರಾತ್ರಿ ತಾನಾಗಿ ತಿರುಗುವುದಿಲ್ಲ. ತಿರುಗಿಸಿದರೆ ಇದ್ದ ಒಂದು ತೊಂದರೆಯ ಜೊತೆ ಇನ್ನೊಂದು ಸೇರುತ್ತದೆ. ಪೆಟ್ರೋಲು ಟ್ಯಾಂಕಿನಿಂದ ಹೊರಟು ಪೈಪು, ಫಿಲ್ಟರು, ಪಂಪು ದಾಟಿ ಕೊನೆಗೆ ಕಾರ್ಬುರೇಟರ್ ಸೇರುತ್ತದೆ. ಹುಡುಕುವವರೂ ಅದೇ ದಾರಿಯಲ್ಲಿ ನಡೆಯಬೇಕು. ಅದಕ್ಕೂ ಮೊದಲು ಒಂದು ಪ್ಲಗ್ ಬಿಚ್ಚಿ ನೋಡಬೇಕು. ಸೆಲ್ಫ್ ಹೊಡೆದ ಮೇಲೂ ಪ್ಲಗ್ ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ. ತೊಯ್ದು ಗಮ್ಮೆಂದು ವಾಸನೆ ಬಂದರೆ ಪೆಟ್ರೋಲು ಹೆಚ್ಚಾಗಿದೆ, ಇಲ್ಲವೇ ಕಿಡಿ ಹಾರುತ್ತಿಲ್ಲ.

ಸವದತ್ತಿ ದಾಟಿ ರಾಮದುರ್ಗದ ಕಡೆ ಹೊರಟಿದ್ದಾಗ ಒಮ್ಮೆ ಎಂಜಿನ್ ಮುಗ್ಗರಿಸಿ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಸೆಲ್ಫ್ ಹೊಡೆದರೆ ಹತ್ತಿತು, ಸ್ವಲ್ಪ ದೂರ ಹೋಗಿ ಮತ್ತೆ ನಿಂತಿತು. ಪ್ಲಗ್ ಒಣಗಿತ್ತು. ಮೊದಲು ಟ್ಯಾಂಕಿನ ಮುಚ್ಚಳ ತೆಗೆದೆ. ಮುಚ್ಚಳದ ಗಾಳಿ ಕಿಂಡಿ ಮುಚ್ಚಿಹೋಗಿದ್ದರೆ ತೆಗೆದ ಕೂಡಲೇ ಸುಯ್ ಎಂದು ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಅಂಥ ಸದ್ದು ಬರಲಿಲ್ಲ. ಕಾಯಿಲಿನ ನಡುವಿನ ವೈರು ಕಿತ್ತು, ಅದರ ತುದಿಯನ್ನು ಎಂಜಿನ್ನಿನ ಕಬ್ಬಿಣಕ್ಕೆ ತಾಗಿಸಿ ಕಟ್ಟಿದೆ. ಕಿಡಿ ಹಾರದಂತೆ ಇಷ್ಟು ಮಾಡಲೇಬೇಕು. ಆಮೇಲೆ ಕಾರ್ಬುರೇಟರಿಗೆ ಹೋಗುವ ಪೈಪು ಕಳಚಿ ಬಾಟಲಿಗೆ ಹಿಡಿದೆ, ಜೊತೆಗಿದ್ದ ತಮ್ಮ ಸೆಲ್ಫ್ ಹೊಡೆದ. ಪೆಟ್ರೋಲು ಬಂತು, ಆದರೆ ಸಣ್ಣಗೆ, ಗುಳ್ಳೆ ಗುಳ್ಳೆಯಾಗಿ.

ಪಂಪು ಹೋಗಿದೆ ಎಂದು ಯಾರಿಗಾದರೂ ಅನ್ನಿಸುವ ಹೊತ್ತು ಅದು. ಆದರೆ ಕಾಕಾ ಕಲಿಸಿದ ಇನ್ನೊಂದು ಪರೀಕ್ಷೆ ಬಾಕಿಯಿತ್ತು. ಟ್ಯಾಂಕಿನಿಂದ ಬರುವ ಪೈಪನ್ನು ಪಂಪಿನಿಂದ ಬಿಡಿಸಿ, ಬೇರೆ ತುಂಡು ಪೈಪನ್ನು ಪಂಪಿಗೆ ಸಿಕ್ಕಿಸಿ, ಅದರ ತುದಿಯನ್ನು ನೇರವಾಗಿ ಪೆಟ್ರೋಲಿನ ಡಬ್ಬಿಯಲ್ಲಿ ಅದ್ದಿದೆವು. ಈಗ ಬಾಟಲಿಗೆ ಪಿಚಕಾರಿ ಹೊಡೆದಂತೆ ಬಂತು, ಒಂದು ಗುಳ್ಳೆಯೂ ಇಲ್ಲ. ಪಂಪು ಗಟ್ಟಿಯಾಗಿಯೇ ಇತ್ತು. ದೋಷ ಟ್ಯಾಂಕಿಗೂ ಪಂಪಿಗೂ ನಡುವೆ. ಪಂಪಿನ ಹತ್ತಿರದ ರಬ್ಬರು ಪೈಪನ್ನು ಬಗ್ಗಿಸಿ ನೋಡಿದಾಗ ಕ್ಲಿಪ್ಪಿನ ಅಡಿಯಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿತು. ಅಲ್ಲಿ ಒಂದು ಹನಿಯೂ ಸೋರಿರಲಿಲ್ಲ. ಆ ಭಾಗದಲ್ಲಿ ಪಂಪು ಎಳೆಯುತ್ತಿರುತ್ತದೆ, ಹಾಗಾಗಿ ಪೆಟ್ರೋಲು ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಸೋರಿಕೆ ಕಾಣಲಿಲ್ಲವೆಂದು ಪೈಪು ಸರಿಯಿದೆ ಎಂದುಕೊಂಡರೆ ಇಂಥ ದೋಷ ವರ್ಷಗಟ್ಟಲೆ ಸಿಗುವುದಿಲ್ಲ.

ಆ ಪೈಪು ಬಹಳ ಹಳೆಯದೇನಲ್ಲ. ಅದೇಕೆ ಅಷ್ಟು ಬೇಗ ಬಿರಿಯಿತು ಎಂದು ಹುಡುಕುತ್ತಾ ಹೋದರೆ ಉತ್ತರ ನಮ್ಮ ಹೊಲದಲ್ಲೇ ಇತ್ತು. ಬೈಲಹೊಂಗಲ, ಸವದತ್ತಿ, ರಾಮದುರ್ಗದ ನಾವು ಕಬ್ಬು ಬೆಳೆಯುವ ಜನ. ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಕಾರ್ಖಾನೆಗಳ ಮುಂದೆ ಸಾಲುಗಟ್ಟುತ್ತವೆ. ಸವದತ್ತಿ ತಾಲ್ಲೂಕಿನ ಮುನವಳ್ಳಿಯ ಕಾರ್ಖಾನೆಯಲ್ಲಿ ಸಕ್ಕರೆಯ ಜೊತೆ ಎಥೆನಾಲೂ ತಯಾರಾಗುತ್ತದೆ. ದೇಶದ ಪೆಟ್ರೋಲಿನಲ್ಲಿ 2022ಕ್ಕೆ ಶೇಕಡಾ 10 ಎಥೆನಾಲ್ ಸೇರಿತು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಶೇಕಡಾ 20 ಎಥೆನಾಲಿನ ಪೆಟ್ರೋಲಿಗೆ ಚಾಲನೆ ಸಿಕ್ಕಿತು, ಈಗ ಬಂಕುಗಳಲ್ಲಿ ಸಿಗುವುದು ಹೆಚ್ಚಾಗಿ ಅದೇ. ಕಬ್ಬಿನ ರೈತನಾಗಿ ನನಗೆ ಇದರಲ್ಲಿ ಸಂತೋಷವಿದೆ. (ಈ ಕಾರನ್ನು ಮಾಡಿದ ಪ್ರೀಮಿಯರ್ ಕಂಪನಿಯನ್ನು ಕಟ್ಟಿದ ಸೊಲ್ಲಾಪುರದ ವಾಲಚಂದ ಹೀರಾಚಂದರು ಸಕ್ಕರೆ ಕಾರ್ಖಾನೆಗಳನ್ನು ಕಟ್ಟಿದವರೂ ಹೌದು.) ಆದರೆ ಈ ಕಾರಿನ ರಬ್ಬರು, ಕಾರ್ಕು, ಪಂಪಿನೊಳಗಿನ ಡಯಾಫ್ರಮ್ ಯಾವುದೂ ಎಥೆನಾಲಿಗಾಗಿ ಮಾಡಿದ್ದಲ್ಲ. ಅದು ತಾಗಿದ ಹಳೆಯ ಬಗೆಯ ರಬ್ಬರು ಮೊದಲು ಉಬ್ಬುತ್ತದೆ, ಆಮೇಲೆ ಬಿರಿಯುತ್ತದೆ. ವರ್ಷಾನುಗಟ್ಟಲೆ ಟ್ಯಾಂಕಿನ ತಳಕ್ಕೆ ಅಂಟಿಕೊಂಡ ಜಿಗುಟನ್ನೂ ಅದು ಕರಗಿಸುತ್ತದೆ. ಆ ಕಚರಾ ಬಂದು ಕಾರ್ಬುರೇಟರಿನ ಜೆಟ್ಟಿನಲ್ಲಿ ಕೂರುತ್ತದೆ.

ಆದ್ದರಿಂದ ಎಲ್ಲ ಪೈಪುಗಳನ್ನೂ ಬದಲಿಸಿದೆ. ಪೈಪಿನ ಮೈಮೇಲೆ ಎಸ್‌ಎಇ ಜೆ30 ಆರ್9 ಎಂಬ ಗುರುತಿದ್ದರೆ ಅದರ ಒಳಪದರ ಎಥೆನಾಲನ್ನು ತಡೆಯುತ್ತದೆ. ಪಂಪಿನ ಡಯಾಫ್ರಮನ್ನೂ ಹೊಸ ಬಗೆಯ ರಬ್ಬರಿನದಕ್ಕೆ ಬದಲಿಸಿದೆವು. ಡಯಾಫ್ರಮ್ ಹರಿದರೆ ಪೆಟ್ರೋಲು ಎಂಜಿನ್ ಆಯಿಲಿಗೆ ಇಳಿಯಬಹುದು. ಆಯಿಲ್ ಕಡ್ಡಿ ಎಳೆದಾಗ ಮಟ್ಟ ಏರಿದ್ದರೆ, ಪೆಟ್ರೋಲು ವಾಸನೆ ಬಂದರೆ, ಎಂಜಿನ್ ಓಡಿಸಲೇಬಾರದು. ತೆಳ್ಳಗಾದ ಆಯಿಲು ಬೇರಿಂಗುಗಳನ್ನು ತಿಂದುಹಾಕುತ್ತದೆ.

ಬಿಸಿಯಾದ ಮೇಲೆ ಹತ್ತದಿರುವ ರೋಗವೇ ಬೇರೆ. ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೋಗುವವರಿಗೆ ಅದು ಗೊತ್ತು. ಚಕ್ಕಡಿ, ಟ್ರ್ಯಾಕ್ಟರು, ಬಸ್ಸುಗಳ ನಡುವೆ ಮೊದಲ ಗೇರಿನಲ್ಲೇ ತೆವಳುತ್ತ ಏರಿ, ಮೇಲೆ ನಿಲ್ಲಿಸಿ, ದರ್ಶನ ಮುಗಿಸಿ ಬಂದರೆ ಗಾಡಿ ಹತ್ತುವುದಿಲ್ಲ. ಒಮ್ಮೆ ನನಗೂ ಹೀಗಾದಾಗ ಭಂಡಾರ ಹಚ್ಚಿಕೊಂಡ ಹುಡುಗರು ‘ಧಕ್ಕಾ ಕೊಡೂನೇನ್ರೀ ಕಾಕಾ?’ ಎಂದು ಓಡಿ ಬಂದರು. ಬೇಡವೆಂದೆ, ಅಷ್ಟು ಜನರ ನಡುವೆ ಇಳಿಜಾರಿನಲ್ಲಿ ಗಾಡಿ ನೂಕುವುದು ಅಪಾಯ. ಎಂಜಿನ್ ನಿಂತೊಡನೆ ಫ್ಯಾನೂ ನಿಲ್ಲುತ್ತದೆ, ಒಳಗಿನ ಕಾವೆಲ್ಲ ಮೇಲೇರಿ ಕಾರ್ಬುರೇಟರಿಗೆ ತಾಗುತ್ತದೆ. ಅದರ ಬಟ್ಟಲಿನ ಪೆಟ್ರೋಲು ಕುದಿದು ಎಂಜಿನ್ನಿಗೆ ಹನಿಯುತ್ತದೆ. ಪ್ಲಗ್ ತೊಯ್ದಿರುತ್ತದೆ. ಇಂಥ ಹೊತ್ತಿನಲ್ಲಿ ಚೋಕ್ ಎಳೆದರೆ ಕೆಲಸ ಇನ್ನೂ ಕೆಡುತ್ತದೆ. ಚೋಕ್ ಪೂರ್ತಿ ಒಳಗೆ ತಳ್ಳಿ, ಎಕ್ಸಲರೇಟರನ್ನು ಕೊನೆಯವರೆಗೆ ಒಮ್ಮೆ ಒತ್ತಿ ಹಾಗೇ ಹಿಡಿದು, ಸೆಲ್ಫ್ ಹೊಡೆಯಬೇಕು. ಪದೇ ಪದೇ ತುಳಿದರೆ ಪ್ರತಿ ಸಲವೂ ಇನ್ನಷ್ಟು ಪೆಟ್ರೋಲು ಒಳಗೆ ಬೀಳುತ್ತದೆ. ಅಂದು ಹಾಗೆ ಒತ್ತಿ ಹಿಡಿದಾಗ ಗಾಡಿ ಕಪ್ಪು ಹೊಗೆ ಉಗುಳಿ ಹತ್ತಿತು. ಬಿಸಿಯಲ್ಲೂ ಪ್ಲಗ್ ಒಣಗಿದ್ದರೆ ಪಂಪಿನಲ್ಲಿ ಆವಿ ಕಟ್ಟಿದೆ ಎಂದು ಅರ್ಥ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯಬೇಕು. ಈಗ ಕಾರ್ಬುರೇಟರಿನ ಅಡಿಗೆ ಶಾಖ ತಡೆಯುವ ದಪ್ಪ ಪ್ಯಾಕಿಂಗ್ ಹಾಕಿಸಿದ್ದೇನೆ, ಪೈಪನ್ನು ಸೈಲೆನ್ಸರ್ ಕಡೆಯಿಂದ ದೂರ ಸರಿಸಿದ್ದೇನೆ.

ಗಾಡಿ ಹತ್ತದಿದ್ದರೆ ಕಾರ್ಬುರೇಟರಿನ ಬಾಯಿಗೆ ಪೆಟ್ರೋಲು ಸುರಿದು ಸೆಲ್ಫ್ ಹೊಡೆಯುವ ರೂಢಿ ನಮ್ಮಲ್ಲಿದೆ. ಎಂಜಿನ್ ಒಮ್ಮೆ ಹಿಮ್ಮುಖವಾಗಿ ಸಿಡಿದರೆ ಸುರಿಯುತ್ತಿರುವವನ ಕೈಯಲ್ಲಿನ ಡಬ್ಬಿಗೇ ಬೆಂಕಿ. ಬಾಯಿಯಿಂದ ಪೈಪು ಹೀರಿ ಪೆಟ್ರೋಲು ಎಳೆಯುವುದೂ ಅಷ್ಟೇ ಕೆಟ್ಟದ್ದು. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು. ಎರಡನ್ನೂ ನನ್ನ ಕಣ್ಣೆದುರು ಯಾರು ಮಾಡಲು ಹೊರಟರೂ ಬಿಡುವುದಿಲ್ಲ.

ಇನ್ನು ಮಳೆ. ಕಿತ್ತೂರಿನ ಕಡೆ ಮಳೆ ರಾಮದುರ್ಗಕ್ಕಿಂತ ಹೆಚ್ಚು. ಅಲ್ಲಿ ನೆಂಟರ ಮನೆಯಲ್ಲಿ ಮಳೆಗಾಲವಿಡೀ ಅರ್ಧ ಟ್ಯಾಂಕಿನೊಂದಿಗೆ ನಿಂತ ಗಾಡಿ ಕಿತ್ತೂರು ಉತ್ಸವದ ಹೊತ್ತಿಗೆ ಹೊರಡಲಿಲ್ಲ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಪಂಪು ಎಳೆಯುವುದು ಆ ತಳದಿಂದಲೇ. ತಳದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು ಅಲುಗಾಡಿಸದೆ ಇಟ್ಟಾಗ ನಡುವೆ ಸ್ಪಷ್ಟ ಗೆರೆ ಕಂಡಿತು. ಅದಕ್ಕೆ ಟ್ಯಾಂಕು ಖಾಲಿ ಮಾಡುವುದೊಂದೇ ಉಪಾಯ. ಈಗ ಬಹಳ ದಿನ ನಿಲ್ಲಿಸುವುದಿದ್ದರೆ ಟ್ಯಾಂಕು ತುಂಬಿಸಿಡುತ್ತೇನೆ, ಪಂಪಿಗೆ ಬರುವ ಪೈಪು ಕಳಚಿ ತುದಿ ಮುಚ್ಚಿ, ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲು ತೀರುವವರೆಗೆ ಎಂಜಿನ್ ಓಡಿಸುತ್ತೇನೆ. ಮತ್ತೆ ಹೊರಡಿಸುವಾಗ ಪೈಪು ಕೂಡಿಸಿ, ಪಂಪಿನ ಕೈ ಲಿವರನ್ನು ಒತ್ತುತ್ತಾ ಹೋಗುತ್ತೇನೆ. ಬಟ್ಟಲು ತುಂಬಿದಾಗ ಲಿವರು ಸಡಿಲಾಗುವುದು ಬೆರಳಿಗೇ ತಿಳಿಯುತ್ತದೆ. ಆಮೇಲೆ ಚೋಕ್ ಎಳೆದು ಸೆಲ್ಫ್ ಹೊಡೆದರೆ ಬ್ಯಾಟರಿಗೂ ಭಾರವಿಲ್ಲ.